ಕಡಲ ಮದುವೆಗೆ ಕಡೆಯ ಬಸ್ಸು ಎಷ್ಟು ಗಂಟೆಗೆ?

ಕಳೆದ ಬೇಸಿಗೆಯಲ್ಲಿ ಹಾಸನದ ಮಿಲ್ಲೊಂದರ ಗೇಟಿನ ಮುಂದೆ ಒಂದು ಲಗ್ನಪತ್ರಿಕೆ ಕೈಯಿಂದ ಕೈಗೆ ಹೋಯಿತು. ಪತ್ರಿಕೆಯೆಂದರೆ ನಾವೆಲ್ಲ ಬಲ್ಲ ಅರಿಶಿನ ಸವರಿದ ಕಾಗದವಲ್ಲ. ಮಿಠಾಯಿ ಪೆಟ್ಟಿಗೆಯಂತೆ ಮುಚ್ಚಳ ತೆರೆಯತಕ್ಕ ರಟ್ಟಿನ ಡಬ್ಬಿ. ಅದರೊಳಗೆ ಎರಡು ಕಪ್ಪೆಚಿಪ್ಪು, ಒಂದು ಹಿಡಿ ಮರಳು, ಅದರ ಮೇಲೆ ಕಾಗದ. ಸಕುಟುಂಬ ಸಪರಿವಾರ ಸಮೇತ ಬರಬೇಕೆಂಬ ಮಾಮೂಲು ಒಕ್ಕಣೆ. ಮುಹೂರ್ತ ಗೋಧೂಳಿ ಲಗ್ನ. ಸ್ಥಳ ಮಾತ್ರ ಹಾಸನದ ಯಾವ ಛತ್ರವೂ ಅಲ್ಲ. ಮಂಗಳೂರಿಗೂ ಉಡುಪಿಗೂ ನಡುವೆ ಕಡಲ ದಡದ ಮೇಲಿರುವ ಒಂದು ರೆಸಾರ್ಟು.

ಹೆಣ್ಣಿನ ತಂದೆ ಇಪ್ಪತ್ತೈದು ವರ್ಷದ ಕೆಳಗೆ ಹೊಳೆನರಸೀಪುರದ ಪೇಟೆಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು. ಈಗ ದೊಡ್ಡ ಕಂಟ್ರಾಕ್ಟುದಾರರು. ಅವರ ಹೆಸರು ಇಲ್ಲಿ ಬೇಡ. ನಮ್ಮ ಜಗಳ ವ್ಯಕ್ತಿಯ ಮೇಲಲ್ಲ, ಪದ್ಧತಿಯ ಮೇಲೆ. ದುಡಿದು ಮೇಲೆ ಬಂದವರನ್ನು ಕಂಡು ಕರುಬುವುದು ನಮ್ಮ ಕೆಲಸವೂ ಅಲ್ಲ. ಆದರೆ ಆ ಮದುವೆಗೆ ನಾನೂ ಹೋಗಿದ್ದೆ, ಬಸ್ಸಿನಲ್ಲಿ ಹೋಗಿದ್ದೆ, ಬಸ್ಸಿನಲ್ಲೇ ಹಿಂತಿರುಗಿದೆ. ಅಂದು ಕಂಡದ್ದನ್ನು ಕಾರ್ಮಿಕ ಬಂಧುಗಳ ಮುಂದೆಯೂ ಸಣ್ಣ ವರ್ತಕರ ಮುಂದೆಯೂ ಇಡದೆ ಹೋದರೆ ಈ ಪತ್ರಿಕೆಯಲ್ಲಿ ಬರೆದು ಪ್ರಯೋಜನವಿಲ್ಲ.

ಹೊರಟವರು ಯಾರು?

ನಮ್ಮ ಗುಂಪಿನಲ್ಲಿ ಇದ್ದವರು ನಾಲ್ಕು ಜನ. ಅರಕಲಗೂಡಿನಿಂದ ಹುಡುಗಿಯ ಸೋದರತ್ತೆ, ಅರವತ್ತೆಂಟು ವರ್ಷದ ಹೆಂಗಸು. ತಾಯಿ ಹಾಸಿಗೆ ಹಿಡಿದಾಗ ಆ ಹುಡುಗಿಯನ್ನು ಮೂರು ವರ್ಷ ಸಾಕಿದವರು. ಅವರ ಮಗ, ಹಾಸನದ ಗಾರ್ಮೆಂಟ್ ಮಿಲ್ಲಿನ ಕೆಲಸಗಾರ. ಚನ್ನರಾಯಪಟ್ಟಣದ ಒಬ್ಬ ಕೊಬ್ಬರಿ ವ್ಯಾಪಾರಿ; ಕಂಟ್ರಾಕ್ಟುದಾರರು ಅಂಗಡಿ ಇಟ್ಟ ಕಾಲದಲ್ಲಿ ಸಾಲಕ್ಕೆ ಜಾಮೀನು ನಿಂತವರು. ನಾಲ್ಕನೆಯವನು ನಾನು.

ಬೇಡವೆಂದು ಉಳಿಯಬಹುದಿತ್ತಲ್ಲ ಎಂದು ದಾರಿಯಲ್ಲಿ ಆ ಹುಡುಗನನ್ನು ಕೇಳಿದೆ. "ಹೋಗ್ದೆ ಇರಕ್ಕಾಗುತ್ತೇನಣ್ಣ? ಅವ್ವ ಎತ್ತಿ ಆಡಿಸಿದ ಮಗು. ನಾಳೆ ನಂಟರು ಏನಂದಾರು?" ಎಂದ. ಕೊಬ್ಬರಿ ವ್ಯಾಪಾರಿಗಳ ಮಾತು ಇನ್ನೂ ಚಿಕ್ಕದು: "ನನ್ ಮಗಳ ಮದ್ವೇಗೆ ಅವ್ರು ಮುಯ್ಯಿ ಮಾಡವ್ರೆ ಸ್ವಾಮಿ. ತೀರಿಸ್ಬೇಕಲ್ಲ." ಬಡವನಿಗೆ ಮದುವೆಯ ಕರೆ ಎಂಬುದು ವಿಹಾರದ ಕರೆಯಲ್ಲ; ಅದು ಋಣದ ಕರೆ. ಈ ಮಾತನ್ನು ಮರೆತವರು ಮಾತ್ರ ಮದುವೆಯನ್ನು ಇನ್ನೂರು ಕಿಲೋಮೀಟರು ಆಚೆಗೆ ಒಯ್ದು ಇಡಬಲ್ಲರು.

ದಾರಿ ಹೇಗಿತ್ತು?

ಅರಕಲಗೂಡಿನಿಂದ ಹಾಸನಕ್ಕೆ ಸುಮಾರು ಮೂವತ್ತು ಕಿಲೋಮೀಟರು. ಅರಕಲಗೂಡಿಗೆ ರೈಲಿಲ್ಲ. ತಾಯಿ ಮಗ ಬೆಳಗಿನ ಜಾವದ ಮೊದಲ ಬಸ್ಸು ಹಿಡಿದರು. ಚನ್ನರಾಯಪಟ್ಟಣದವರು ಬೇರೆ ಬಸ್ಸಿನಲ್ಲಿ ಬಂದರು. ಹಾಸನದಲ್ಲಿ ಕೂಡಿದೆವು. ಮಂಗಳೂರಿನ ಬಸ್ಸು ಬೆಂಗಳೂರಿನಿಂದಲೇ ತುಂಬಿ ಬಂದಿತ್ತು. ಸಕಲೇಶಪುರದವರೆಗೆ ಆ ವಯಸ್ಸಾದ ಹೆಂಗಸು ನಿಂತೇ ಬಂದರು. ಶಿರಾಡಿಯಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ಗಂಟೆ ಒಂದೂವರೆ ಅಲ್ಲೇ ಹೋಯಿತು. ಮಂಗಳೂರಿನಲ್ಲಿ ಇಳಿದು, ಸಿಟಿ ಬಸ್ಸು ಹತ್ತಿ, ಇನ್ನೊಂದು ಕಡೆ ಉಡುಪಿಯ ಬಸ್ಸು ಹಿಡಿದು, ಹೆದ್ದಾರಿಯಲ್ಲಿ ಇಳಿದು ನೋಡಿದರೆ ಕಡಲು ಇನ್ನೂ ಮೂರು ಕಿಲೋಮೀಟರು ಪಶ್ಚಿಮಕ್ಕೆ! ಆ ದಾರಿಗೆ ಬಸ್ಸೇ ಇಲ್ಲ. ಕಾರಿನಲ್ಲಿ ಬರುವವರಿಗಾಗಿ ಆರಿಸಿದ ಜಾಗ ಅದು. ಆಟೋದವನಿಗೆ ಕೊಟ್ಟು ಒಳಗೆ ಹೋಗುವಷ್ಟರಲ್ಲಿ ಧಾರೆ ಮುಗಿದಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಫೋಟೋ ಹಿಡಿಯಬೇಕಂತೆ. ಅದಕ್ಕಾಗಿ ಎಲ್ಲವನ್ನೂ ಬೇಗ ಮುಗಿಸಿದರು.

ಆ ಅತ್ತೆ ಸೆರಗಿನ ಗಂಟಿನಲ್ಲಿ ನೂರಾ ಒಂದು ರೂಪಾಯಿ ಮಡಿಸಿ ತಂದಿದ್ದರು, ಒಂದು ರವಿಕೆ ಕಣ ತಂದಿದ್ದರು. ಸಾಕಿದ ಮಗುವಿನ ಕೈಯ ಮೇಲೆ ಒಂದು ಮಿಳ್ಳೆ ಹಾಲು ಎರೆಯಬೇಕೆಂಬುದು ಅವರ ಒಂದೇ ಆಸೆ. ಹನ್ನೆರಡು ಗಂಟೆಗಳ ಪ್ರಯಾಣ ಮಾಡಿ ಆ ಆಸೆ ಕೈಗೂಡಲಿಲ್ಲ. ಗೇಟಿನಲ್ಲಿ ಕೈಗೆ ಬಣ್ಣದ ಪಟ್ಟಿ ಕಟ್ಟುತ್ತಿದ್ದರು. ಕೋಣೆ ಕೊಟ್ಟವರಿಗೆ ನೀಲಿ, ಕೋಣೆ ಇಲ್ಲದವರಿಗೆ ಹಳದಿ. ನಮಗೆಲ್ಲ ಹಳದಿ. ನಮ್ಮ ಊರಿನ ಚಪ್ಪರದ ಕೆಳಗೆ ಪಂಕ್ತಿಭೇದವಿತ್ತು ಎಂಬುದು ನಿಜ. ಅದರ ವಿರುದ್ಧ ತಲೆಮಾರುಗಳ ಕಾಲ ಹೋರಾಡಿದ್ದೇವೆ. ಅದೇ ಪಂಕ್ತಿಭೇದ ಈಗ ಮರಳಿನ ಮೇಲೆ ರಬ್ಬರಿನ ಪಟ್ಟಿಯಾಗಿ ಬಂದಿದೆ, ಅಷ್ಟೇ.

ಊಟ ಆದದ್ದು ರಾತ್ರಿ ಒಂಬತ್ತಕ್ಕೆ. ನೀಲಿ ಪಟ್ಟಿಯವರು ಕೋಣೆಗೆ ಹೋದರು. ಹಳದಿ ಪಟ್ಟಿಯವರು ಕಡೆಯ ಬಸ್ಸು ಎಷ್ಟು ಗಂಟೆಗೆ ಎಂದು ಒಬ್ಬರನ್ನೊಬ್ಬರು ಕೇಳುತ್ತ ನಿಂತೆವು. ಯಾರಿಗೂ ಗೊತ್ತಿರಲಿಲ್ಲ. ಹೇಗೋ ಮಂಗಳೂರು ಸೇರಿದಾಗ ಹನ್ನೊಂದು ದಾಟಿತ್ತು. ಬಂದ ಸಾಮಾನ್ಯ ಬಸ್ಸುಗಳೆಲ್ಲ ತುಂಬಿ ಬಂದವು. ಮಲಗುವ ಬಸ್ಸಿನಲ್ಲಿ ಜಾಗವಿತ್ತು. ಆದರೆ ಅದರ ದರ ಆ ಹುಡುಗನ ಎಟುಕಿಗೆ ಮೀರಿದ್ದು. ಬೆಳಗಿನ ಮೂರು ಗಂಟೆಯವರೆಗೆ ಆ ತಾಯಿ ಸಿಮೆಂಟಿನ ಕಟ್ಟೆಯ ಮೇಲೆ ಕುಳಿತಿದ್ದರು. ಹಾಸನಕ್ಕೆ ಬಂದಾಗ ಮಿಲ್ಲಿನ ಬೆಳಗಿನ ಪಾಳಿ ಶುರುವಾಗಿತ್ತು. ಆ ಹುಡುಗನಿಗೆ ಎರಡು ದಿನದ ಕೂಲಿ ಹೋಯಿತು. ಅದರ ಜೊತೆಗೆ ತಿಂಗಳ ಹಾಜರಿ ಭತ್ಯೆಯೂ ಹೋಯಿತು. ಒಂದು ಸಂಜೆಯ ಊಟಕ್ಕೆ ಒಬ್ಬ ಕೆಲಸಗಾರ ತೆತ್ತ ಬೆಲೆ ಇದು. ಮದುವೆಯ ಖರ್ಚಿನ ಲೆಕ್ಕದಲ್ಲಿ ಇದನ್ನು ಯಾರು ಬರೆಯುತ್ತಾರೆ?

"ಅವರ ಹಣ, ಅವರ ಖುಷಿ"

ಇಷ್ಟು ಹೇಳಿದ ಕೂಡಲೇ ಕೆಲವರು ಕೇಳುತ್ತಾರೆ: ಅವರ ಹಣ, ಅವರ ಖುಷಿ, ನಿಮಗೇಕೆ ಹೊಟ್ಟೆಯುರಿ? ಸರಿ, ಹಣದ ಮಾತನ್ನೇ ಆಡೋಣ.

ಹಾಸನದಲ್ಲಿ ಒಂದು ಮದುವೆ ನಡೆದರೆ ಆ ಹಣ ಎಲ್ಲೆಲ್ಲಿ ಹರಿಯುತ್ತದೆ ನೋಡಿ. ದಿನಸಿ ಅಂಗಡಿಗೆ ಅಕ್ಕಿ ಬೇಳೆಯ ಪಟ್ಟಿ ಬರುತ್ತದೆ. ಹೂವಿನವಳು ಹದಿನೈದು ದಿನದ ವ್ಯಾಪಾರವನ್ನು ಒಂದು ದಿನದಲ್ಲಿ ಮಾಡುತ್ತಾಳೆ. ಬಾಳೆ ಎಲೆಯವನು, ತೆಂಗಿನಕಾಯಿಯವನು, ಶಾಮಿಯಾನದವನು, ಪಾತ್ರೆ ಬಾಡಿಗೆಯವನು, ಅಡುಗೆ ಭಟ್ಟರು, ಓಲಗದವರು, ಬಟ್ಟೆ ಅಂಗಡಿ, ಬಳೆಗಾರ, ಅಚ್ಚುಕೂಟ, ಆಟೋದವನು, ಎಲೆ ಎತ್ತುವ ಹೆಂಗಸು, ಎಲ್ಲರಿಗೂ ಅಷ್ಟಿಷ್ಟು. ಅವರಲ್ಲಿ ಯಾರೂ ಇದರಿಂದ ಶ್ರೀಮಂತರಾಗಲಿಲ್ಲ. ಆದರೆ ಲಗ್ನದ ತಿಂಗಳುಗಳ ಗಳಿಕೆಯಲ್ಲಿಯೇ ಆಷಾಢದ ಮನೆ ಬಾಡಿಗೆ ಕಟ್ಟುವವರು ನಮ್ಮ ನಾಲ್ಕು ಊರುಗಳಲ್ಲಿಯೂ ಇದ್ದಾರೆ.

ಕಡಲ ಮದುವೆಯಲ್ಲಿ ಈ ಹಣವೆಲ್ಲ ಒಂದೇ ಬಿಲ್ಲಿನಲ್ಲಿ, ಒಂದೇ ಕೈಗೆ ಹೋಗುತ್ತದೆ. ಹೂವು, ಊಟ, ಕುರ್ಚಿ, ದೀಪ, ವಾದ್ಯ ಎಲ್ಲವೂ ಒಬ್ಬನದೇ ಗುತ್ತಿಗೆ. ಹೊಳೆನರಸೀಪುರದ ಅಂಗಡಿಯಲ್ಲಿ ಗಿರಾಕಿಗಳ ಕಾಸಿನಿಂದ ಬೆಳೆದ ಹಣ ಹೊಳೆನರಸೀಪುರದ ಒಂದು ಮೊಳ ಹೂವಿಗೂ ಹಿಂದಿರುಗಲಿಲ್ಲ.

2023ರ ನವೆಂಬರಿನಲ್ಲಿ ಪ್ರಧಾನಿ ಮೋದಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಸಿರಿವಂತರನ್ನು ಉದ್ದೇಶಿಸಿ, ಹೊರದೇಶಕ್ಕೆ ಹೋಗಿ ಮದುವೆ ಮಾಡುವುದೇಕೆ, ಭಾರತದಲ್ಲೇ ಮಾಡಿ, ನಮ್ಮ ಜನಕ್ಕೆ ಕೆಲಸ ಸಿಗುತ್ತದೆ ಎಂಬ ಅರ್ಥದ ಮಾತು ಹೇಳಿದರು. ಮಾತು ಒಪ್ಪತಕ್ಕದ್ದೇ. ಆದರೆ ಅದೇ ತರ್ಕವನ್ನು ಮುಂದಕ್ಕೆ ಒಯ್ಯಲು ಏಕೆ ಅಂಜಬೇಕು? ದೇಶದ ಹಣ ದೇಶದಲ್ಲಿ ಉಳಿಯಬೇಕಾದರೆ, ತಾಲ್ಲೂಕಿನ ಹಣ ತಾಲ್ಲೂಕಿನಲ್ಲಿ ಉಳಿಯಬೇಡವೇ?

ಕಡಲ ಕಡೆಯ ಬಡವರಿಗೆ ಕೆಲಸ ಸಿಗುತ್ತದಲ್ಲ ಎಂಬ ಮಾತೂ ಇದೆ. ಕರಾವಳಿಯ ಜನರೊಡನೆ ನಮಗೆ ಯಾವ ಜಗಳವೂ ಇಲ್ಲ. ಅಲ್ಲಿಯ ಮೀನುಗಾರರೂ ನಮ್ಮಂತೆ ದುಡಿಮೆಯವರೇ. ಅವರಿಗೆ ಮರಳ ದಂಡೆ ದೋಣಿ ಎಳೆಯುವ, ಬಲೆ ಹರಡುವ, ಮೀನು ಒಣಗಿಸುವ ಜಾಗ. ಆ ಜಾಗದ ರಕ್ಷಣೆಗೆಂದು ಕೇಂದ್ರ ಸರ್ಕಾರ 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿತು. 2011ರಲ್ಲಿ ಅದನ್ನು ಹೊಸದಾಗಿ ಬರೆಯಿತು. 2019ರಲ್ಲಿ ಮೂರನೆಯ ಸಲ ಬರೆದಾಗ, ಜನ ದಟ್ಟವಾಗಿರುವ ಹಳ್ಳಿಗಾಡಿನ ಕರಾವಳಿಯಲ್ಲಿ ಕಟ್ಟಡ ಕಟ್ಟಕೂಡದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಹಾಗೆ ಬಿಟ್ಟುಕೊಟ್ಟ 150 ಮೀಟರು ಯಾರ ಪಾಲಾಗುತ್ತದೆ? ಬಲೆ ಒಣಗಿಸುವವನ ಪಾಲೋ, ಹಳದಿ ನೀಲಿ ಪಟ್ಟಿ ಕಟ್ಟುವವನ ಪಾಲೋ? ಓದುಗರೇ ಉತ್ತರ ಹೇಳಲಿ. ಅಲ್ಲಿಯ ಬಡವನ ಜಾಗ, ಇಲ್ಲಿಯ ಬಡವನ ವ್ಯಾಪಾರ, ಎರಡನ್ನೂ ಒಂದೇ ಮದುವೆ ನುಂಗುತ್ತದೆ.

ದಾರಿ ಯಾರಿಗಾಗಿ?

ಈಗ ಪ್ರಯಾಣದ ಪ್ರಶ್ನೆ. ಕೆಟ್ಟ ದಾರಿಗೆ ಮದುವೆಯವರನ್ನು ದೂರಿ ಫಲವೇನು ಎಂದು ಕೇಳಬಹುದು. ನಿಜ, ಅದರ ಹೊಣೆ ಸರ್ಕಾರಗಳದು. ಘಟ್ಟದ ದಾರಿ ಯಾರಿಗಾಗಿ ಮಾಡಲ್ಪಟ್ಟಿತು ಎಂಬ ಕಥೆಯನ್ನು ಕೊಂಚ ನೋಡೋಣ.

ಹಾಸನ–ಮಂಗಳೂರು ರೈಲು ದಾರಿ 1979ರಲ್ಲಿ ಓಡತೊಡಗಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರಿನ ಘಟ್ಟ. ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಕಾರ್ಮಿಕರ ತೋಳಿನ ಬಲದಿಂದ ಆದ ಕೆಲಸ ಅದು. 1996ರಲ್ಲಿ ಅಗಲ ಹಳಿ ಹಾಕುತ್ತೇವೆಂದು ದಾರಿಯನ್ನು ಮುಚ್ಚಿದರು. 2006ರಲ್ಲಿ ಸರಕಿನ ಗಾಡಿ ಓಡಿತು. ಜನರ ಗಾಡಿ ಓಡಿದ್ದು 2007ರ ಡಿಸೆಂಬರಿನಲ್ಲಿ. ಜನರ ಸುರಕ್ಷತೆಯನ್ನು ಪರೀಕ್ಷಿಸಬೇಕಾಗಿತ್ತು ಎಂದರು, ಪರೀಕ್ಷೆ ಬೇಕಾದ್ದೇ. ಆದರೆ ಹನ್ನೊಂದು ವರ್ಷ ಒಂದು ಜಿಲ್ಲೆಯ ಜನ ರೈಲಿಲ್ಲದೆ ಘಟ್ಟ ಇಳಿದರೆಂಬುದು ಯಾವ ದೊಡ್ಡವರ ನಿದ್ದೆಯನ್ನೂ ಕೆಡಿಸಲಿಲ್ಲ. ಮದುವೆಗಳು ನಡೆದವು, ಸಾವುಗಳು ಆದವು, ಬಡವರು ಬಸ್ಸಿನಲ್ಲಿ ನಿಂತು ಹೋದರು.

ಅದೇ ಹಳಿಯ ಮೇಲೆ 2021ರ ಜುಲೈಯಲ್ಲಿ ಗಾಜಿನ ಮಾಡಿನ ಡಬ್ಬಿಗಳು ಬಂದವು. ವಿಸ್ಟಾಡೋಮ್ ಎಂದು ಅದರ ಹೆಸರು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹಗಲು ಗಾಡಿಗೆ ಅವನ್ನು ಜೋಡಿಸಿದರು. ತಿರುಗುವ ಕುರ್ಚಿಯಲ್ಲಿ ಕುಳಿತು ಕಾಡನ್ನೂ ಜಲಪಾತವನ್ನೂ ನೋಡಬಹುದು. ನೋಡಲಿ, ಘಟ್ಟದ ಚೆಲುವು ಎಲ್ಲರದೂ. ಅದೇ ಗಾಡಿಯ ಸಾಮಾನ್ಯ ಡಬ್ಬಿಯ ಬಾಗಿಲಲ್ಲಿ ಚೀಲ ತಬ್ಬಿಕೊಂಡು ನಿಂತವನು ಏನನ್ನು ನೋಡುತ್ತಾನೆ? ಮುಂದಿನವನ ಬೆನ್ನನ್ನು. ಸಮಾಜವಾದಿ ಮಧು ದಂಡವತೆಯವರು 1977ರಿಂದ 1979ರವರೆಗೆ ರೈಲ್ವೆ ಮಂತ್ರಿಯಾಗಿದ್ದಾಗ ಎರಡನೆಯ ದರ್ಜೆಯ ಬರಿಯ ಮರದ ಹಲಗೆಗಳ ಮೇಲೆ ಎರಡು ಅಂಗುಲದ ಮೆತ್ತೆ ಹಾಕಿಸಿದರು. ಆ ಎರಡು ಅಂಗುಲದಲ್ಲಿ ಒಂದು ನೀತಿಯಿತ್ತು: ಸುಖವನ್ನು ಕೆಳಗಿನಿಂದ ಮೇಲಕ್ಕೆ ಹಂಚಬೇಕು. ಇಂದಿನ ನೀತಿ ಗಾಜಿನ ಮಾಡಿನಿಂದ ಶುರುವಾಗುತ್ತದೆ.

ಬಸ್ಸಿನ ಮಾತಿಗೆ ಬರೋಣ. ಸರ್ಕಾರವೇ ಬಸ್ಸು ಓಡಿಸಬೇಕೆಂದು ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಡನೆ ಸಾರಿಗೆ ಇಲಾಖೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ಲಾಭವಿಲ್ಲದ ಊರಿಗೂ ಬಸ್ಸು ಹೋಗಬೇಕೆಂಬುದು ಇದರ ತತ್ವ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ದರ ಇಲ್ಲವಾಯಿತು. ಒಳ್ಳೆಯ ಕೆಲಸ; ಅರಕಲಗೂಡಿನ ಅತ್ತೆ ಮಂಗಳೂರಿನವರೆಗೆ ಶೂನ್ಯ ಟಿಕೆಟ್ಟಿನಲ್ಲಿ ಬಂದರು. ಅದನ್ನು ಹೀಗಳೆಯುವವರು ಬಡವರ ವೈರಿಗಳು. ಆದರೆ ಮಂಗಳೂರಿನ ನಗರ ಸಂಚಾರವೂ ಉಡುಪಿ ದಾರಿಯ ಸಂಚಾರವೂ ಬಹುಮಟ್ಟಿಗೆ ಖಾಸಗಿ ಮಾಲೀಕರ ಕೈಯಲ್ಲಿದೆ. ಅಲ್ಲಿ ಶೂನ್ಯ ಟಿಕೆಟ್ಟು ನಡೆಯದು. ಮಲಗುವ ಬಸ್ಸು, ಐಷಾರಾಮಿ ಬಸ್ಸುಗಳಲ್ಲಿಯೂ ನಡೆಯದು. ಇನ್ನು ಗಂಡಸರಿಗೆ 2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರ ನೂರಕ್ಕೆ 15ರಷ್ಟು ಏರಿತು. ಒಂದೇ ಕುಟುಂಬದಲ್ಲಿ ತಾಯಿಗೆ ಕೊಟ್ಟದ್ದನ್ನು ಮಗನ ಜೇಬಿನಿಂದ ತೆಗೆದಂತಾಯಿತು.

ಘಟ್ಟವಂತೂ ಪ್ರತಿ ಮಳೆಗಾಲದಲ್ಲಿ ಎಚ್ಚರಿಸುತ್ತಲೇ ಇದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಶಿರಾಡಿಯ ರಸ್ತೆಯೂ ರೈಲು ದಾರಿಯೂ ಒಟ್ಟಿಗೆ ನಿಂತುಹೋದವು. 2024ರ ಜುಲೈಯಲ್ಲಿ ಮತ್ತೆ ಎರಡೂ ಕಡೆ ಮಣ್ಣು ಜಾರಿತು. ರಸ್ತೆ ಅಗಲಿಸಲು ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮಣ್ಣು ನಿಲ್ಲುವುದೆಲ್ಲಿ? ಉಳ್ಳವನು ವಿಮಾನದಲ್ಲಿ ಹೋಗಿ ಇಳಿಯುತ್ತಾನೆ. ಘಟ್ಟದ ಕೆಸರು ಬಸ್ಸಿನವರ ಪಾಲು.

ನಮ್ಮ ತಪ್ಪೂ ಇದೆ

ಉಳ್ಳವರನ್ನು ಬೈದು ನಾವು ಕೈತೊಳೆದುಕೊಳ್ಳುವಂತಿಲ್ಲ. ಸಾಹುಕಾರನ ಮನೆಯ ಆಡಂಬರ ಮರುವರ್ಷವೇ ಗುಮಾಸ್ತನ ಮನೆಗೆ ಬರುತ್ತದೆ, ಅದರ ಮರುವರ್ಷ ಮಿಲ್ಲಿನ ಲೈನು ಮನೆಗೆ. ಕಡಲಿಗೆ ಹೋಗಲಾಗದವರು ಹಾಸನದ ಹೊರವಲಯದ ದುಬಾರಿ ಮಂಟಪವನ್ನು ಸಾಲ ಮಾಡಿ ಹಿಡಿಯುತ್ತಾರೆ. ಸಂಘದ ಸಾಲ, ಚೀಟಿಯ ಹಣ, ಹೆಣ್ಣುಮಗಳ ಹೆಸರಿನ ಠೇವಣಿ, ಎಲ್ಲವೂ ಎರಡು ದಿನದ ದೀಪಕ್ಕೆ. ಮೂರು ವರ್ಷ ಬಡ್ಡಿ ಕಟ್ಟುವಾಗ ಆ ದೀಪ ಬೆಳಕು ಕೊಡುತ್ತದೆಯೇ?

ಬೇರೆ ದಾರಿ ಇಲ್ಲವೆನ್ನಬೇಡಿ. ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು 1966ರಲ್ಲಿ ಮಂತ್ರ ಮಾಂಗಲ್ಯದ ರೀತಿಯಲ್ಲಿ ಸರಳವಾಗಿ ಮಾಡಿದರು. ಜ್ಞಾನಪೀಠ ಪಡೆಯಲಿದ್ದ ಕವಿಗೆ ನೂರು ದೀಪ ಹಚ್ಚಲು ಗೊತ್ತಿರಲಿಲ್ಲವೆಂದಲ್ಲ, ಬೇಡವೆಂದು ಬಿಟ್ಟರು. 1954ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ನೋಂದಣಿ ಕಚೇರಿಯಲ್ಲಿ ಮೂರು ಸಾಕ್ಷಿಗಳೆದುರು ಮದುವೆಯಾಗಬಹುದು. ಮದುವೆಗೆ ಬೇಕಾದ್ದು ಇಬ್ಬರ ಒಪ್ಪಿಗೆ, ಹತ್ತಿರದವರ ಹರಕೆ. ಸಮುದ್ರವೂ ಬೇಡ, ಡ್ರೋನೂ ಬೇಡ.

ಏನು ಮಾಡಬೇಕು?

ಬರಿಯ ಬೈಗುಳದಿಂದ ಬಸ್ಸು ಬರುವುದಿಲ್ಲ. ಆದ್ದರಿಂದ ಈ ಬೇಡಿಕೆಗಳನ್ನು ಮುಂದಿಡುತ್ತೇವೆ.

ಮೊದಲನೆಯದಾಗಿ, ಲಗ್ನದ ತಿಂಗಳುಗಳಲ್ಲಿ ಮಂಗಳೂರಿನಿಂದ ಹಾಸನಕ್ಕೆ ರಾತ್ರಿ ಹೊತ್ತು ಹೆಚ್ಚಿನ ಸಾಮಾನ್ಯ ಬಸ್ಸುಗಳು ಬೇಕು. ಅವು ಹಾಸನ ತಲಪುವ ವೇಳೆಗೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಗೆ ಸೇರಿಕೆ ಬಸ್ಸು ಇರಬೇಕು.

ಎರಡನೆಯದಾಗಿ, ಘಟ್ಟ ಇಳಿಯುವ ಪ್ರತಿಯೊಂದು ಗಾಡಿಗೂ ಸಾಮಾನ್ಯ ಡಬ್ಬಿಗಳನ್ನು ಹೆಚ್ಚಿಸಬೇಕು. ಒಂದು ಗಾಜಿನ ಡಬ್ಬಿ ಜೋಡಿಸಿದರೆ ಎರಡು ಸಾಮಾನ್ಯ ಡಬ್ಬಿ ಜೋಡಿಸುವುದು ನಿಯಮವಾಗಲಿ.

ಮೂರನೆಯದಾಗಿ, ಕರಾವಳಿಯ ನಗರ ದಾರಿಗಳಲ್ಲಿ ಸರ್ಕಾರಿ ಬಸ್ಸುಗಳು ಹೆಚ್ಚಲಿ. ಅಲ್ಲಿಯ ದುಡಿಯುವ ಹೆಂಗಸರಿಗೂ ಶಕ್ತಿಯ ಫಲ ಪೂರ್ತಿ ಸಿಗಲಿ.

ನಾಲ್ಕನೆಯದು ನಾವೇ ಮಾಡತಕ್ಕದ್ದು. ಸಾರಿಗೆ ಸಂಸ್ಥೆಯಲ್ಲಿ ಮದುವೆಗೆ ಬಸ್ಸನ್ನು ಬಾಡಿಗೆಗೆ ಕೊಡುವ ಏರ್ಪಾಡು ಇದೆ. ದೂರದಲ್ಲಿ ಮದುವೆ ಮಾಡುವ ಹಣವಂತರು ಹೋಗಲು ಒಂದು, ಬರಲು ಒಂದು ಬಸ್ಸು ಕಳಿಸಲಿ. ತಮ್ಮ ಕೆಲಸಗಾರರನ್ನು ಕರೆದ ಮಾಲೀಕರು ಆ ದಿನಗಳ ಕೂಲಿಯನ್ನೂ ಕೊಡಲಿ. ಬಸ್ಸು ಕಳಿಸದ ಕರೆಯೋಲೆಯನ್ನು ಕರೆಯೋಲೆಯೆಂದು ಎಣಿಸುವುದಿಲ್ಲ, ಮುಯ್ಯಿಯನ್ನು ಅಂಚೆಯಲ್ಲಿ ಕಳಿಸುತ್ತೇವೆ ಎಂದು ಮಿಲ್ಲಿನ ಸಂಘಗಳೂ ವರ್ತಕರ ಸಂಘಗಳೂ ನಿರ್ಣಯ ಮಾಡಲಿ. ಹೀಗೆ ಒಂದು ಊರಿನಲ್ಲಿ ಮಾಡಿದರೆ ಸಾಕು, ಉಳಿದ ಮೂರು ಊರುಗಳಲ್ಲಿ ತಾನಾಗಿ ಆಗುತ್ತದೆ.

ಕೊನೆಯದಾಗಿ ಆ ಅರಕಲಗೂಡಿನ ಅತ್ತೆಯ ಮಾತು. ವಾಪಸು ಬರುವಾಗ ಯಾರನ್ನೂ ಅವರು ಬಯ್ಯಲಿಲ್ಲ. "ಮಗು ಚೆನ್ನಾಗಿರ್ಲಿ ಬಿಡಪ್ಪ, ನಮ್ಗೇ ಹೊತ್ತಾಯ್ತು" ಎಂದರು. ಬಂಧುಗಳೇ, ಬಡವರ ಈ ಒಳ್ಳೆಯತನದ ಮೇಲೆಯೇ ಉಳ್ಳವರ ಮಂಟಪ ನಿಂತಿದೆ. ಅವರಿಗೆ ಹೊತ್ತಾಗಲಿಲ್ಲ. ಅವರಿಗೆ ಬಸ್ಸಿರಲಿಲ್ಲ. ಇವೆರಡು ಮಾತಿನ ನಡುವಣ ವ್ಯತ್ಯಾಸವನ್ನು ದುಡಿಯುವ ಜನ ತಿಳಿದ ದಿನ ಬಸ್ಸೂ ಬರುತ್ತದೆ, ಮದುವೆಯ ಚಪ್ಪರವೂ ಊರಿಗೆ ಹಿಂತಿರುಗುತ್ತದೆ.